ರೇಷ್ಮೆ ಸೀಮೆಯ ಫ್ಲಾನೆಲ್ಲು

ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲಾಗುತ್ತದೆ, ಉಡುವವರು ಮಾತ್ರ ಬೇರೆ ಊರಿನವರು. ಧನುರ್ಮಾಸದ ಬೆಳಿಗ್ಗೆ ಅಲ್ಲಿನ ಗೂಡಿನ ಮಾರುಕಟ್ಟೆ ನೋಡಬೇಕು. ಒಂದೊಂದು ಗೂಡಿನೊಳಗೂ ನೂರಾರು ಮೀಟರ್ ಎಳೆ ಸುತ್ತಿಕೊಂಡಿರುತ್ತದೆ. ಅದನ್ನು ತಂದ ರೈತ ಮಾತ್ರ ಮಂಕಿ ಕ್ಯಾಪ್ ಇಳಿಬಿಟ್ಟು, ಕೈ ಉಜ್ಜಿಕೊಳ್ಳುತ್ತಾ ಟೀ ಅಂಗಡಿ ಹುಡುಕುತ್ತಿರುತ್ತಾನೆ. ರೇಷ್ಮೆ ಮದುವೆಗಾಯಿತು, ದೇವರಿಗಾಯಿತು. ನಂದಿಬೆಟ್ಟದ ಕಡೆಯಿಂದ ಇಳಿಯುವ ಚಳಿಗೆ ನಮ್ಮ ಚಿಕ್ಕಬಳ್ಳಾಪುರ ಸೀಮೆಯಲ್ಲಿ ಆಸರೆ ಎಂದರೆ ಹಳೆಯ ಕರಿಕಂಬಳಿ, ಇಲ್ಲವೇ ಫ್ಲಾನೆಲ್ಲು. ಕಂಬಳಿ ಗಟ್ಟಿಗ, ಆದರೆ ಚುಚ್ಚುತ್ತದೆ. ಎಳೆಗೂಸಿನ ಮೈಗೆ ಅದು ಆಗಿಬರುವುದಿಲ್ಲ.

ಫ್ಲಾನೆಲ್ ಮೊದಲು ವೇಲ್ಸ್ ಸೀಮೆಯ ಉಣ್ಣೆ ಬಟ್ಟೆ. ನಮ್ಮ ಅಂಗಡಿಗಳಲ್ಲಿ ಸಿಗುವುದು ಬಹುಪಾಲು ಹತ್ತಿಯದು. ನೇಯ್ದ ಬಟ್ಟೆಯನ್ನು ಸಣ್ಣ ತಂತಿಮುಳ್ಳಿನ ಉರುಳೆಗಳಿಗೆ ತಾಗಿಸಿ ಓಡಿಸುತ್ತಾರೆ. ನೂಲಿನ ಮೇಲ್ಪದರ ಕೆದರಿ ನವಿರು ರೋಮ ಏಳುತ್ತದೆ. ಆ ರೋಮದ ಸಂದಿಯಲ್ಲಿ ಗಾಳಿ ಸಿಕ್ಕಿಕೊಂಡು ಮೈಯ ಬಿಸಿ ಹೊರಗೆ ಹೋಗದಂತೆ ತಡೆಯುತ್ತದೆ. ರೇಷ್ಮೆಗೆ ಇರುವುದು ನಯ. ಇದಕ್ಕೆ ಇರುವುದು ಬೇಕೆಂದೇ ಕೆಡಿಸಿಕೊಂಡ ನಯ. ನನಗೆ ಇದರ ಮೇಲೆ ಪ್ರೀತಿ ಅದಕ್ಕೇ.

ಕೊಳ್ಳುವಾಗ ಕಣ್ಣು ನಂಬಬಾರದು. ಪಾಲಿಯೆಸ್ಟರೂ ಈಗ ಇದೇ ವೇಷ ಹಾಕಿಕೊಂಡು ಬರುತ್ತದೆ. ಅಂಚಿನಿಂದ ಒಂದೆಳೆ ಕಿತ್ತು ಬೆಂಕಿಕಡ್ಡಿಗೆ ಹಿಡಿದರೆ ಬಣ್ಣ ಬಯಲಾಗುತ್ತದೆ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ, ಬೂದಿ; ಪಾಲಿಯೆಸ್ಟರಾದರೆ ಕರಗಿ ಗಟ್ಟಿ ಮಣಿ. ಕೂದಲು ಸುಟ್ಟ ವಾಸನೆ ಬಂದರೆ ರೇಷ್ಮೆಯೋ ಉಣ್ಣೆಯೋ ಆಗಿರಬೇಕು. ಇದನ್ನು ಶಿಡ್ಲಘಟ್ಟದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಹೊಸ ಬಟ್ಟೆ ಕಂಡ ಕೂಡಲೇ ಕತ್ತರಿ ಹಿಡಿಯುವವರನ್ನು ಚಿಂತಾಮಣಿಯ ಟೈಲರ್ ಅಣ್ಣ ಒಬ್ಬರು ಸುಮ್ಮನೆ ಬಿಡುವುದಿಲ್ಲ. "ಅಕ್ಕಾ, ಮೊದ್ಲು ಅದು ನೀರು ಕುಡೀಲಿ. ಆಮೇಲೆ ಕತ್ರಿ."

"ಅರ್ಜೆಂಟಿದೆ ಅಣ್ಣ, ನಾಡಿದ್ದು ತೊಟ್ಲು ಶಾಸ್ತ್ರ."

"ಹಂಗಾದ್ರೆ ಮಗೂಗೂ ಹೇಳ್ಬಿಡಿ, ಬೆಳೀಬೇಡ ಅಂತ. ಬಟ್ಟೆ ಒಗೆದ್ಮೇಲೆ ಸಣ್ಣಗಾಗ್ತದೆ!"

ಮಾತು ಒರಟಾದರೂ ಸತ್ಯ. ಹತ್ತಿ ಫ್ಲಾನೆಲ್ ಮೊದಲ ಒಗೆತಕ್ಕೇ ಕುಗ್ಗುತ್ತದೆ. ಒಂದು ರಾತ್ರಿ ನೆನೆಸಿ, ಹಿಂಡದೆ ನೆರಳಲ್ಲಿ ಒಣಗಿಸಿದ ಮೇಲೇ ಅಳತೆ. ರೋಮ ಯಾವ ದಿಕ್ಕಿಗೆ ಮಲಗುತ್ತದೆಂದು ಅಂಗೈಯಿಂದ ಸವರಿ ನೋಡಿ ಎಲ್ಲ ತುಂಡನ್ನೂ ಒಂದೇ ದಿಕ್ಕಿಗೆ ಕತ್ತರಿಸಬೇಕು. ಇಲ್ಲದಿದ್ದರೆ ಎಡತೋಳು ಒಂದು ಬಣ್ಣ, ಬಲತೋಳು ಇನ್ನೊಂದು ಬಣ್ಣವಾಗಿ ಕಾಣುತ್ತದೆ. ಮಿಷನ್ನಿಗೆ 14ನೇ ನಂಬರಿನ ಸೂಜಿ ಸಾಕು, ಹೊಲಿಗೆ ಕೊಂಚ ದೊಡ್ಡದಿರಲಿ. ಕೆಲಸ ಮುಗಿದಾಗ ಬಾಬಿನ್ ಕೇಸ್ ಬಿಚ್ಚಿದರೆ ಒಳಗೆ ಒಂದು ಚಿಟಿಕೆ ಅರಳೆ ಕುಳಿತಿರುತ್ತದೆ. ಬ್ರಷ್ಷಿನಲ್ಲಿ ಅದನ್ನು ತೆಗೆದು ಒಂದು ಹನಿ ಎಣ್ಣೆ ಬಿಟ್ಟರೆ ಮಿಷನ್ ಮುನಿಸಿಕೊಳ್ಳುವುದಿಲ್ಲ.

ಹೊಲಿಯುವುದೇನು? ಮೊದಲ ಮಣೆ ಕುಲಾವಿಗೆ. ಹುಟ್ಟಿದ ಮಗುವಿನ ತಲೆಯ ಸುತ್ತಳತೆ ಸುಮಾರು 35 ಸೆಂಟಿಮೀಟರ್. ಕಿವಿ ಮುಚ್ಚುವಂತೆ ಇಳಿಬಿಟ್ಟು, ಹಿಂದೆ ನೆರಿಗೆ ಕೊಟ್ಟು, ಗಲ್ಲದಡಿ ಕಟ್ಟಲು ಲಾಡಿ ಇಟ್ಟರೆ ಆಯಿತು. ನಮ್ಮಲ್ಲಿ ಹಳಬರು ಹೊಲಿಗೆಯ ಮಡಿಕೆಯನ್ನು ಹೊರಮಗ್ಗುಲಿಗೇ ಬಿಡುತ್ತಿದ್ದರು. ನೋಡುವವರಿಗೆ ತಿರುವುಮುರುವು ಹಾಕಿದಂತೆ ಕಂಡರೂ ಕೂಸಿನ ನೆತ್ತಿಗೆ ಗಂಟು ಒತ್ತುವುದಿಲ್ಲ. ಚಂದ ನೋಡುವವರಿಗೆ, ಸುಖ ತೊಡುವವರಿಗೆ ಎಂದು ಆರಿಸಬೇಕಾಗಿ ಬಂದರೆ ನಾನು ಕೂಸಿನ ಪಕ್ಷ. ಉಳಿದದ್ದರಲ್ಲಿ ಜಬಲಾ, ಚೌಕದ ಲಂಗೋಟಿ, ತೇಗಿಸುವಾಗ ಅಮ್ಮನ ಹೆಗಲಿಗೆ ಹಾಕುವ ಬಟ್ಟೆ. ಇವಕ್ಕೆ ಅಂಚು ಮಡಿಚಿ ಹೊಲಿದರೆ ಮುಗಿಯಿತು, ಹೆಚ್ಚಿನ ವಿದ್ಯೆ ಬೇಡ.

ಮಂಡಿನೋವಿನ ಅತ್ತೆಯವರಿಗೆ ಶಾಖದ ಚೀಲ. ಹಂಚಿನ ಮೇಲೆ ಕಲ್ಲುಪ್ಪು ಹುರಿದು ಹಳೆ ಪಂಚೆಯಲ್ಲಿ ಗಂಟು ಕಟ್ಟುವ ಪದ್ಧತಿ ಎಲ್ಲ ಮನೆಯಲ್ಲೂ ಇದೆ. ಗಂಟು ಬಿಚ್ಚಿ ಉಪ್ಪೆಲ್ಲ ಹಾಸಿಗೆಯ ಪಾಲಾಗುವುದೂ ಇದೆ. ದಪ್ಪ ಹತ್ತಿಯ ಒಳಚೀಲ ಹೊಲಿದು, ಬೆಚ್ಚಗಾದ ಉಪ್ಪನ್ನು ಮುಕ್ಕಾಲು ತುಂಬಿ ಬಾಯಿ ಬಿಗಿದು, ಫ್ಲಾನೆಲ್ಲಿನ ಹೊರಗವಸಿಗೆ ತೂರಿಸಿದರೆ ಆ ರಗಳೆ ಇಲ್ಲ. ಗವಸು ಮಾತ್ರ ಒಗೆಯಬಹುದು. ಬಿಸಿಯನ್ನು ಮೊದಲು ನಮ್ಮ ಮಣಿಕಟ್ಟಿಗೆ ಒತ್ತಿ ನೋಡಿ ಆಮೇಲೆ ಅವರಿಗೆ.

ಬೆಂಕಿಯ ಮಾತು ಬಂತಲ್ಲ. ರೋಮ ಎದ್ದ ಹತ್ತಿಗೆ ಕಿಡಿ ಬೇಗ ಹತ್ತುತ್ತದೆ. ಇಂಗ್ಲೆಂಡಿನಲ್ಲಿ ಮನೆಯ ಅಗ್ಗಿಷ್ಟಿಕೆಯ ಬೆಂಕಿ ಫ್ಲಾನೆಲೆಟ್ ಎಂಬ ಹತ್ತಿ ಫ್ಲಾನೆಲ್ಲಿನ ಉಡುಪಿಗೆ ತಗುಲಿ ಎಷ್ಟೋ ಮಕ್ಕಳು ಸತ್ತವು. ಬೆಂಕಿ ಹತ್ತುವುದಿಲ್ಲವೆಂದು ಸುಳ್ಳು ಹೇಳಿ ಬಟ್ಟೆ ಮಾರದಂತೆ 1913ರಲ್ಲಿ ಅಲ್ಲಿ ಕಾನೂನೇ ಬಂತು. ನಮ್ಮಲ್ಲಿ ಇನ್ನೂ ಸೌದೆ ಒಲೆ ಇದೆ, ಬಾಣಂತಿ ಕೋಣೆಯಲ್ಲಿ ಸಾಂಬ್ರಾಣಿ ಕೆಂಡವಿದೆ. ಸಡಿಲ ತೋಳಿನ ಫ್ಲಾನೆಲ್ ನೈಟಿ ಹೊಲಿಸಿಕೊಂಡು ಹಂಡೆ ಒಲೆಯ ಮುಂದೆ ಕೂರುವುದು ನನಗೆ ಒಪ್ಪಿಗೆಯಿಲ್ಲ.

ದೊಡ್ಡವರಿಗೆ ಚೌಕುಳಿ ಅಂಗಿ ಇದೆಯಲ್ಲ ಎನ್ನುತ್ತೀರಿ. ಚೌಕುಳಿಯ ಗೆರೆಗೆ ಗೆರೆ ಕೂಡಿಸುವುದು ಮನೆಯ ಮಿಷನ್ನಿನಲ್ಲಿ ತಪಸ್ಸು. ಗೌರಿಬಿದನೂರಿನ ಕಡೆಯಿಂದ ದೊಡ್ಡಬಳ್ಳಾಪುರದ ಗಾರ್ಮೆಂಟ್ಸಿಗೆ ಬೆಳಗಾಗುವ ಮುಂಚೆ ಹೊರಡುವ ಹೆಣ್ಣುಮಕ್ಕಳಿಗೆ ಅಂಥ ಕೆಲಸ ನೀರು ಕುಡಿದಷ್ಟು ಸಲೀಸು. ಅವರ ಸೂಜಿ ದೂರದೇಶದ ಮೈಗಳಿಗೆ ದುಡಿಯುತ್ತದೆ. ಅವರಲ್ಲಿ ಭಾನುವಾರ ಬಿಡುವಿದ್ದವರನ್ನು ಹಿಡಿದು ಜೇಬು ಕೂಡಿಸುವುದನ್ನು ಕಲಿಯಿರಿ. ಕೂಲಿ ಕೊಟ್ಟೇ ಕಲಿಯಿರಿ.

ಇಷ್ಟೆಲ್ಲ ಆದಮೇಲೂ ತುಂಡು ಉಳಿಯುತ್ತದೆ. ದೊಡ್ಡ ತುಂಡನ್ನು ಹಲಗೆಗೆ ಬಿಗಿದು ಅಂಗನವಾಡಿಗೆ ಕೊಡಬಹುದು. ಟೀಚರ್ ಟ್ರೈನಿಂಗ್ ಮಾಡಿದವರಿಗೆಲ್ಲ ಫ್ಲಾನೆಲ್ ಬೋರ್ಡ್ ನೆನಪಿರುತ್ತದೆ. ಚಿತ್ರದ ಬೆನ್ನಿಗೆ ಉಪ್ಪುಕಾಗದ ಅಂಟಿಸಿ ಒತ್ತಿದರೆ ರೋಮಕ್ಕೆ ಕಚ್ಚಿಕೊಂಡು ನಿಲ್ಲುತ್ತದೆ, ಅಂಟೂ ಬೇಡ, ಮೊಳೆಯೂ ಬೇಡ. ಹುಳು, ಗೂಡು, ಚಿಟ್ಟೆ ಎಂದು ಕತ್ತರಿಸಿಕೊಟ್ಟರೆ ಶಿಡ್ಲಘಟ್ಟದ ಮಕ್ಕಳು ಟೀಚರಿಗೇ ಪಾಠ ಹೇಳುತ್ತಾರೆ. ಅಂಗೈಯಗಲದ ಚೂರುಗಳು ಕನ್ನಡಕ ಒರೆಸಲಿಕ್ಕಾದಾವು. ನಮ್ಮ ಮನೆಯಲ್ಲಿ ಅದಕ್ಕಾಗಿಯೇ ಈಗ ಇಬ್ಬರ ಜಗಳ.