ಅಮ್ಮನ ಮುದ್ದೆ ಮತ್ತು ಅಲುಗದ 82 ಕೆಜಿ

ನನ್ನ ತೂಕ ನೋಡಿಕೊಳ್ಳೋಕೆ ನಾನು ಹೋಗೋದು ಕೊಬ್ಬರಿ ಮಂಡಿಗೆ. ನಗಬೇಡಿ. ಮನೆಯಲ್ಲಿದ್ದ ಪುಟ್ಟ ಮೆಷಿನ್ನಿನ ಮೇಲೆ ಮಗಳು ಕುಣಿದು ಕುಣಿದು, ಅದು ಕೆಟ್ಟು ವರ್ಷವಾಯಿತು. ತಿಪಟೂರಿನಲ್ಲಿ ಗೆಳೆಯನೊಬ್ಬನ ಮಂಡಿ ಇದೆ. ಅಲ್ಲಿ ಚೀಲ ತೂಗುವ ಎಲೆಕ್ಟ್ರಾನಿಕ್ ತಕ್ಕಡಿ ಯಾರ ಮುಲಾಜೂ ನೋಡಲ್ಲ. ಶನಿವಾರ ಬೆಳಗ್ಗೆ, ಏನೂ ತಿನ್ನದೆ ಹೋಗಿ, ಚಪ್ಪಲಿ ಬಿಟ್ಟು, ಮೊಬೈಲು ಪರ್ಸು ಮೇಜಿನ ಮೇಲಿಟ್ಟು ಹತ್ತಿ ನಿಲ್ಲುತ್ತೇನೆ. ಗೆಳೆಯ ಲೆಕ್ಕದ ಪುಸ್ತಕದ ಕೊನೇ ಹಾಳೆಯಲ್ಲಿ ನನ್ನದನ್ನೂ ಬರೆಯುತ್ತಾನೆ.

ಜನವರಿಯ ಮೊದಲ ಶನಿವಾರ 91.4 ಕೆಜಿ. ಮೇ ಕೊನೆಗೆ 82.6. ಹೆಚ್ಚುಕಮ್ಮಿ ಒಂಬತ್ತು ಕೆಜಿ ಇಳಿದಿತ್ತು. ಬೆಲ್ಟಿಗೆ ಎರಡು ಹೊಸ ತೂತು ಹೊಡೆಸಿದ್ದೆ. ಆಮೇಲೆ ಜೂನ್ ಪೂರ್ತಿ, ಜುಲೈ ಅರ್ಧ, ಒಟ್ಟು ಏಳು ಶನಿವಾರ, ಅದೇ ಅಂಕಿ. 82.6, 82.4, 82.9, ಮತ್ತೆ 82.6.

"ತಕ್ಕಡಿ ಕೆಟ್ಟಿರಬೇಕು ಕಣೋ" ಅಂದೆ.

"ನಿನ್ನೆ ಸಂಜೆ ಇದರಲ್ಲೇ ನಲವತ್ತು ಚೀಲ ತೂಗಿದೀನಿ. ಕೆಟ್ಟಿರೋದು ತಕ್ಕಡಿ ಅಲ್ಲ" ಅಂದ.

ತೆಳ್ಳಗಾಗಿ ಫೋಟೋ ತೆಗೆಸಿಕೊಳ್ಳುವ ಆಸೆಯಿಂದ ಇದನ್ನೆಲ್ಲ ಶುರುಮಾಡಿದ್ದಲ್ಲ. ಕಳೆದ ಡಿಸೆಂಬರಿನಲ್ಲಿ ತಾಲ್ಲೂಕಿನ ಆರೋಗ್ಯ ಶಿಬಿರದ ಸುದ್ದಿ ಮಾಡಲು ಹೋದವನು, ಹೆಂಗೂ ಬಂದಿದ್ದೀನಲ್ಲ ಅಂತ ರಕ್ತ ಕೊಟ್ಟೆ. ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ ಟೆಸ್ಟು 6.2 ಬಂತು. 5.7ರಿಂದ 6.4ರ ನಡುವೆ ಇದ್ದರೆ ಸಕ್ಕರೆ ಕಾಯಿಲೆಯ ಹೊಸ್ತಿಲು. 6.5 ಮುಟ್ಟಿದರೆ ಒಳಗೆ ಬಂದ ಹಾಗೆ. ನಮ್ಮಪ್ಪ ಹದಿನಾಲ್ಕು ವರ್ಷ ಆ ಮನೆಯೊಳಗೇ ಇದ್ದವರು. ಮೊದಲು ಕಾಲಿನ ಹೆಬ್ಬೆರಳು ಹೋಯಿತು, ಆಮೇಲೆ ಪಾದ. ಕೊನೆಯ ವರ್ಷ ಎಷ್ಟು ಇಳಿದುಹೋಗಿದ್ದರೆಂದರೆ ಅವರನ್ನು ಬಚ್ಚಲಿಗೆ ನಾನೊಬ್ಬನೇ ಎತ್ತಿಕೊಂಡು ಹೋಗುತ್ತಿದ್ದೆ. ನನಗೀಗ 36. ಮಗಳು ಒಂದನೇ ಕ್ಲಾಸು.

ಮೊದಲ ಒಂಬತ್ತು ಕೆಜಿ ಸುಲಭವಾಗಿ ಇಳಿಯಿತು. ಅದಕ್ಕೆ ಕಾರಣ ನನ್ನ ಸಂಯಮವಲ್ಲ, ನನ್ನ ಕಸುಬು. ತಾಲ್ಲೂಕು ವರದಿಗಾರನ ದಿನ ಅಂದರೆ ಬೈಕು ಮತ್ತು ಟೀ. ಪ್ರೆಸ್‌ಮೀಟಿನಲ್ಲಿ ಒಂದು, ಪಂಚಾಯಿತಿಯಲ್ಲಿ ಒಂದು, ಪೊಲೀಸ್ ಸ್ಟೇಷನ್ ಮುಂದೆ ಒಂದು. ದಿನಕ್ಕೆ ಎಂಟು ಟೀ, ಒಂದೊಂದಕ್ಕೆ ಎರಡು ಚಮಚ ಸಕ್ಕರೆ. ಬರೀ ಅದೇ 80 ಗ್ರಾಂ, 320 ಕ್ಯಾಲೊರಿ. ಸಕ್ಕರೆ ಬಿಟ್ಟೆ. ಮೈಸೂರುಪಾಕು, ಖಾರ ಇಟ್ಟ ತಟ್ಟೆಯನ್ನು ಪಕ್ಕದವರಿಗೆ ತಳ್ಳಿದೆ. ಎರಡು ಮುದ್ದೆ ಇದ್ದದ್ದು ಒಂದಾಯಿತು. ಬೆಳಗ್ಗೆ ಕೆರೆ ಏರಿ ಮೇಲೆ ಒಂದು ಗಂಟೆ ನಡಿಗೆ. ಅಷ್ಟು ಕೆಟ್ಟದಾಗಿ ಬದುಕುತ್ತಿದ್ದವನಿಗೆ ಇಷ್ಟು ಸಾಕಾಗಿತ್ತು.

ಜುಲೈನಲ್ಲಿ ತಲೆಕೆಟ್ಟು ರಾತ್ರಿ ಊಟ ನಿಲ್ಲಿಸಿದೆ. ಒಂಬತ್ತು ದಿನ. ಕೈಕಾಲು ತಣ್ಣಗೆ, ಮಗಳ ಮೇಲೆ ಸಿಡುಕು, ತಾಲ್ಲೂಕು ಕಚೇರಿಯ ಮೆಟ್ಟಿಲು ಹತ್ತಬೇಕಾದರೆ ಕಣ್ಣು ಕತ್ತಲೆ. ಇನ್ನೂರು ಹೆಜ್ಜೆ ದೂರದ ಅಂಗಡಿಗೂ ಬೈಕು ತೆಗೆಯತೊಡಗಿದ್ದೆ. ರಾತ್ರಿ ಮಲಗಿ ಮೊಬೈಲಿನಲ್ಲಿ ಬಿರಿಯಾನಿ ಮಾಡುವ ವಿಡಿಯೋ ನೋಡುತ್ತಿದ್ದೆ. ಹತ್ತನೇ ದಿನ ಮದುವೆಮನೆಗೆ ಹೋಗಿ, ಒಂಬತ್ತು ದಿನದ್ದನ್ನೂ ಒಂದೇ ಎಲೆಯಲ್ಲಿ ಉಂಡೆ.

ಇದು ನನ್ನೊಬ್ಬನ ದೌರ್ಬಲ್ಯ ಅಂದುಕೊಂಡಿದ್ದೆ. ಆಮೇಲೆ ಓದಿದೆ. 1944-45ರಲ್ಲಿ, ಎರಡನೇ ಮಹಾಯುದ್ಧದ ಹೊತ್ತಿಗೆ, ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ ತಾವಾಗಿಯೇ ಒಪ್ಪಿಬಂದ 36 ಯುವಕರಿಗೆ ಆರು ತಿಂಗಳು ಅರೆಹೊಟ್ಟೆ ಊಟ ಕೊಟ್ಟು ನೋಡಿದರಂತೆ. ಅವರಿಗೂ ಹೀಗೇ ಚಳಿ, ಸಿಡುಕು, ಸುಸ್ತು. ಬೇರೆ ಯಾವುದರಲ್ಲೂ ಆಸಕ್ತಿ ಇಲ್ಲದೆ ಅಡುಗೆ ಪುಸ್ತಕ ಕೂಡಿಡುತ್ತಿದ್ದವರೂ ಇದ್ದರು. ನನ್ನ ಬಿರಿಯಾನಿ ವಿಡಿಯೋ ನೆನಪಾಗಿ ನಗು ಬಂತು. ಊಟ ತೀರಾ ಕಡಿಮೆಯಾದಾಗ ದೇಹ ಖರ್ಚು ಕಡಿಮೆ ಮಾಡಿಕೊಳ್ಳುತ್ತದೆ. ಬರಗಾಲದಲ್ಲಿ ನಮ್ಮ ಮನೆಗಳು ಮಾಡುವುದೂ ಅದನ್ನೇ ತಾನೇ.

ಮಂಡಿಯ ಗೆಳೆಯ ಓದಿದ್ದು ಪಿಯುಸಿ. ಅವನು ಇದನ್ನು ಇನ್ನೂ ಚೆನ್ನಾಗಿ ಹೇಳಿದ. "ಲೋಡು ಇಳಿಸಿದ ಟ್ರ್ಯಾಕ್ಟರಿಗೆ ಡೀಸೆಲ್ ಕಡಿಮೆ ಸಾಕು. ನೀನು ಒಂಬತ್ತು ಕೆಜಿ ಲೋಡು ಇಳಿಸಿದೀಯ. ಜನವರಿ ಲೆಕ್ಕದ ಡೀಸೆಲ್ಲೇ ಹಾಕ್ತಾ ಇದ್ರೆ ಎಲ್ಲಿ ಉಳಿಯುತ್ತೆ?" 91 ಕೆಜಿಯವನಿಗೆ ಕಡಿಮೆ ಅನಿಸುವ ಊಟ 82 ಕೆಜಿಯವನಿಗೆ ಸರಿಸಮವಾಗಿಬಿಡಬಹುದು. ಹಾಗಾಗಿ ತೂಕ ನಿಂತಿತು ಅಂದರೆ ದೇಹ ಮೋಸ ಮಾಡಿತು ಅಂತಲ್ಲ, ಜಮಾ ಖರ್ಚು ಸಮ ಆಯಿತು ಅಂತ.

ಸರ್ಕಾರಿ ಆಸ್ಪತ್ರೆಯ ಡಾಕ್ಟರಮ್ಮ ಹೊಸ ಮಾತ್ರೆ ಬರೆಯಲಿಲ್ಲ. "ಒಂದು ವಾರ ಬಾಯಿಗೆ ಹಾಕೋದನ್ನೆಲ್ಲ ಬರೀರಿ. ತಿಂದ ಮೇಲಲ್ಲ, ತಿನ್ನೋಕೆ ಮುಂಚೆ. ತೂಗೋಕೆ ಆದ್ರೆ ತೂಗಿ" ಅಂದರು. ಊಟ ಬಿಟ್ಟ ಕತೆ ಕೇಳಿ ಮುಖ ಗಂಟಿಕ್ಕಿದರು. ಸಕ್ಕರೆ ಮಾತ್ರೆ ಅಥವಾ ಇನ್ಸುಲಿನ್ ತಗೊಳ್ಳುವವರು ನನ್ನ ಹಾಗೆ ಮಾಡಿದರೆ ಸಕ್ಕರೆ ಏಕಾಏಕಿ ಇಳಿದು ಪ್ರಜ್ಞೆ ತಪ್ಪಬಹುದು, ಡಾಕ್ಟರನ್ನು ಕೇಳದೆ ಯಾರಿಗೂ ಈ ಸಲಹೆ ಕೊಡಬೇಡಿ ಅಂದರು. ಇದನ್ನು ನೀವೂ ನೆನಪಿಟ್ಟುಕೊಳ್ಳಿ.

ಬರೆಯೋದು ನನ್ನ ಕೆಲಸ. ಊರಿನ ನರೇಗಾ ಲೆಕ್ಕ ಕೆದಕಿದವನಿಗೆ ಇದೇನು ಮಹಾ ಅಂತ ಜೇಬಿನಲ್ಲಿ ಪುಟ್ಟ ಪುಸ್ತಕ ಇಟ್ಟುಕೊಂಡೆ. ಮೊದಲ ದಿನವೇ ಕಳ್ಳ ಸಿಕ್ಕ. ಕೊಬ್ಬರಿ. ನಮ್ಮ ಕಡೆ ಮಂಡಿಗೆ ಹೋದವರು ಮಾತಾಡುತ್ತಾ ಒಂದು ಚೂರು ಕೊಬ್ಬರಿ, ಒಂದು ಚೂರು ಬೆಲ್ಲ ಬಾಯಿಗೆ ಹಾಕಿಕೊಳ್ಳೋದು ಉಸಿರಾಡಿದಷ್ಟೇ ಸಹಜ. ಅದನ್ನು ಯಾರೂ ತಿನ್ನೋದು ಅನ್ನಲ್ಲ. 100 ಗ್ರಾಂ ಒಣ ಕೊಬ್ಬರಿಯಲ್ಲಿ 600ಕ್ಕೂ ಹೆಚ್ಚು ಕ್ಯಾಲೊರಿ ಇದೆ. ನಾನು ಮೆಲ್ಲುತ್ತಿದ್ದದ್ದು ದಿನಕ್ಕೆ 30 ಗ್ರಾಮಿಗೆ ಕಡಿಮೆ ಇಲ್ಲ. ತೂಕ ನೋಡಿಕೊಳ್ಳಲು ಹೋದ ಶನಿವಾರವೂ, ತಕ್ಕಡಿ ಇಳಿದ ತಕ್ಷಣ, ಬೇಜಾರಿಗೆ ಒಂದು ಚೂರು!

ಇನ್ನೊಂದು ಕಳ್ಳ ಮನೆಯಲ್ಲೇ ಇತ್ತು. ಅದನ್ನು ಬರೆಯೋಕೆ ಸ್ವಲ್ಪ ಸಂಕಟವಾಗುತ್ತೆ.

ನಾದಿನಿ ಕೇಕ್ ಮಾಡಲು ತಂದಿಟ್ಟಿದ್ದ ಪುಟ್ಟ ತಕ್ಕಡಿಯಲ್ಲಿ ಮಧ್ಯಾಹ್ನದ ಮುದ್ದೆ ಇಟ್ಟೆ. 410 ಗ್ರಾಂ. ಜನವರಿಯಲ್ಲಿ ಹೆಂಡತಿ ಇದೇ ತಕ್ಕಡಿಯಲ್ಲಿ ತೂಗಿ 250 ಗ್ರಾಮಿನ ಮುದ್ದೆ ಕಟ್ಟಿಕೊಟ್ಟಿದ್ದಳು. ಆಮೇಲೆ ಅವಳಿಗೆ ಅಂಗನವಾಡಿ ಕೆಲಸ ಹೆಚ್ಚಾಗಿ ಮುದ್ದೆ ಅಮ್ಮನ ಕೈಗೆ ಬಂದಿತ್ತು. ಲೆಕ್ಕಕ್ಕೆ ಒಂದೇ ಮುದ್ದೆ. ಆದರೆ ಹುಣ್ಣಿಮೆ ಚಂದ್ರನ ಹಾಗೆ ದಿನದಿಂದ ದಿನಕ್ಕೆ ಬೆಳೆದಿತ್ತು. 100 ಗ್ರಾಂ ರಾಗಿ ಹಿಟ್ಟಿಗೆ 320 ಕ್ಯಾಲೊರಿ ಅಂತ ಹಿಡಿದರೆ, ಎರಡು ಹೊತ್ತಿಗೆ ಸುಮಾರು 340 ಜಾಸ್ತಿ ಹೋಗುತ್ತಿತ್ತು. ಟೀಯಲ್ಲಿ ಉಳಿಸಿದ್ದು ಮುದ್ದೆಯಲ್ಲಿ ಹೋಯಿತು. ಸಾರಿನ ಮೇಲೆ ಮಿನುಗುತ್ತಿದ್ದದ್ದು ಒಗ್ಗರಣೆ ಎಣ್ಣೆ ಅಂದುಕೊಂಡಿದ್ದೆ. ತುಪ್ಪ.

"ಏನಮ್ಮಾ ಇದು?" ಅಂದೆ. ಜೋರಾಗಿಯೇ ಅಂದೆ, ಈಗ ನೆನೆದರೆ ನಾಚಿಕೆಯಾಗುತ್ತೆ.

ಅಮ್ಮ ಒಲೆ ಕಡೆ ತಿರುಗಿಕೊಂಡೇ ಹೇಳಿದಳು. "ಹಾಲಿನ ಡೇರಿ ಹತ್ರ ಎಲ್ಲರೂ ಕೇಳ್ತಾರೆ ಕಣಪ್ಪ. ನಿಮ್ಮ ಮಗ ಯಾಕೆ ಇಷ್ಟು ಬಡವಾಗಿದಾನೆ, ಅವರಪ್ಪನಂಗೆ ಆಗ್ತಾ ಇದಾನಲ್ಲ ಅಂತ. ಅವರೂ ಹಿಂಗೇ ಅಲ್ವ ಇಳಿದಿದ್ದು. ನಾನು ಇನ್ನೊಂದು ಸಲ ನೋಡಲಾರೆ."

ನಮ್ಮೂರಲ್ಲಿ ತೆಳ್ಳಗಾದವರಿಗೆ 'ಬಡವಾದ' ಅಂತಾರೆ. ಆ ಮಾತಿನೊಳಗೆ ಕಾಯಿಲೆ, ಸಾಲ, ಸೊಸೆ ಊಟ ಹಾಕಲ್ಲ ಅನ್ನೋ ಅನುಮಾನ ಎಲ್ಲವೂ ಇರುತ್ತೆ. ಹೊಟ್ಟೆ ಬಂದವನಿಗೆ ಮಾತ್ರ 'ಚೆನ್ನಾಗಿದೀಯ' ಅಂತಾರೆ. ನಾನು ಆರು ತಿಂಗಳು ಕ್ಯಾಲೊರಿ, ಎಚ್‌ಬಿಎ1ಸಿ ಅಂತ ಊರಿಗೆಲ್ಲ ಭಾಷಣ ಮಾಡಿದ್ದೆ. ಅಮ್ಮನಿಗೆ ಹೇಳಿರಲಿಲ್ಲ. ಗಾಬರಿಯಾಗುತ್ತಾಳೆ ಅಂತ 6.2ರ ವಿಷಯ ಮುಚ್ಚಿಟ್ಟಿದ್ದೆ. ಅವಳು ಅದಕ್ಕಿಂತ ದೊಡ್ಡ ಗಾಬರಿಯನ್ನು ಮುದ್ದೆಯೊಳಗೆ ಮುಚ್ಚಿಡುತ್ತಿದ್ದಳು.

ಅವತ್ತು ರಿಪೋರ್ಟು ತಂದು ತೋರಿಸಿದೆ. ಅಪ್ಪ ಇಳಿದದ್ದು ಸಕ್ಕರೆ ಕೈಮೀರಿದ ಮೇಲೆ, ನಾನು ಇಳಿಸುತ್ತಿರೋದು ಅದು ಬರದಿರಲಿ ಅಂತ, ಎರಡೂ ಬೇರೆ ಬೇರೆ ಅಂದೆ. ಅಮ್ಮನಿಗೆ ಓದು ಬರಲ್ಲ. ಆ ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿ, "ಇದನ್ನ ಮೊದಲೇ ಹೇಳಬಾರದಿತ್ತಾ?" ಅಂದಳು. ಮಾರನೇ ದಿನದಿಂದ ತಕ್ಕಡಿ ಅವಳ ಸುಪರ್ದಿಗೆ ಹೋಯಿತು.

ಆಮೇಲೆ ಮಾಡಿದ್ದು ದೊಡ್ಡದೇನಲ್ಲ. ಮುದ್ದೆ 250 ಗ್ರಾಮಿಗೆ ವಾಪಸ್. ಹೊಟ್ಟೆ ತುಂಬಲು ಹುರುಳಿಕಾಳು, ಅಲಸಂದೆ, ಸೊಪ್ಪಿನ ಗಟ್ಟಿ ಸಾರು, ದಿನಕ್ಕೆರಡು ಮೊಟ್ಟೆ. ವಾರಕ್ಕೆ ಮೂರು ದಿನ ನಡಿಗೆ ಬಿಟ್ಟು ತೋಟದಲ್ಲಿ ಗುದ್ದಲಿ ಹಿಡಿದು ತೆಂಗಿನ ಬುಡಕ್ಕೆ ಪಾತಿ ಮಾಡಿದೆ. ಕೂಲಿ ಉಳಿಯಿತು, ತೋಳು ರಟ್ಟೆಗೂ ಕೆಲಸ ಸಿಕ್ಕಿತು. ಟೈಲರ್ ಹತ್ತಿರ ಸೊಂಟದ ಅಳತೆ ಕೊಡಲು ಶುರುಮಾಡಿದೆ. ನಮ್ಮ ದೇಶದ ಗಂಡಸರಿಗೆ ಅದು 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಬಾರದು ಅನ್ನುತ್ತಾರೆ. ನನ್ನದು 99 ಇತ್ತು.

ಮೊದಲ ಎರಡು ವಾರ ತಕ್ಕಡಿ ಅಲುಗಲೇ ಇಲ್ಲ, ಆದರೆ ಟೇಪು 98ಕ್ಕೆ ಬಂತು. ಟೇಪು ಇಲ್ಲದಿದ್ದರೆ ಬಹುಶಃ ಆಗಲೇ ಕೈಬಿಡುತ್ತಿದ್ದೆ. ಮೂರನೇ ಶನಿವಾರ 81.9. ಗೌರಿ ಗಣೇಶ ಹಬ್ಬದ ಮಾರನೇ ದಿನ ಆಸೆ ತಡೆಯದೆ ಹೋಗಿ ನಿಂತರೆ 83.1! ಎರಡು ದಿನದಲ್ಲಿ ಅಷ್ಟು ಕೊಬ್ಬು ಬೆಳೆಯಲ್ಲ. ಅದು ಹಬ್ಬದೂಟದ ಉಪ್ಪು ಹಿಡಿದಿಟ್ಟ ನೀರು, ಹೊಟ್ಟೆಯಲ್ಲಿದ್ದ ಕಡುಬು. ಮುಂದಿನ ಶನಿವಾರ ತಾನಾಗಿಯೇ ಇಳಿದಿತ್ತು.

ಅಕ್ಟೋಬರ್ ಕೊನೆಗೆ 79.2 ಕೆಜಿ, ಸೊಂಟ 94. ಎಚ್‌ಬಿಎ1ಸಿ 5.8. ಹೊಸ್ತಿಲಿನಿಂದ ಪೂರ್ತಿ ಆಚೆ ಬಂದಿಲ್ಲ, ಒಂದು ಕಾಲು ಆಚೆ ಇದೆ. ಡೇರಿ ಹತ್ತಿರ ಯಾರಾದರೂ ಕೇಳಿದರೆ ಅಮ್ಮ ಈಗ ಜೋರಾಗಿ, "ನಾನೇ ತೂಗಿ ಹಾಕ್ತಾ ಇದೀನಿ" ಅನ್ನುತ್ತಾಳಂತೆ.

ನವೆಂಬರಿನಲ್ಲಿ ಮತ್ತೆ ನಿಂತಿದೆ. ಮೂರು ಶನಿವಾರದಿಂದ 79ರ ಆಸುಪಾಸು. ನಿನ್ನೆ ರಾತ್ರಿ ಹಳೇ ಪುಸ್ತಕ ಹುಡುಕಿ ಪೆನ್ನು ತೆಗೆದುಕೊಂಡು ಕೂತೆ. ಅಡುಗೆ ಮನೆಯಿಂದ ಅಮ್ಮನ ದನಿ ಬಂತು.

"ಈ ಸಲ ನಾನಲ್ಲ ಕಣಪ್ಪ."