ಕಾವಲುಗಾರನ ತಪ್ಪು

ನಾನು ಒಂಬತ್ತನೆಯ ತರಗತಿಯಲ್ಲಿ ಓದುತ್ತಿದ್ದಾಗ ನಡೆದ ಸಂಗತಿಯಿದು. ಒಂದು ಭಾನುವಾರ ತಂಗಿಯ ತಲೆಗೆ ಎಣ್ಣೆ ಹಚ್ಚುತ್ತಿದ್ದ ಅಮ್ಮ ಥಟ್ಟನೆ ಕೈ ನಿಲ್ಲಿಸಿದಳು. ಹಿಂದಲೆಯಲ್ಲಿ ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಒಂದು ಕೂದಲೂ ಇರಲಿಲ್ಲ. ಗಾಯವಿಲ್ಲ, ಕಜ್ಜಿಯಿಲ್ಲ, ಚರ್ಮ ಅಂಗೈಯಂತೆ ನುಣುಪಾಗಿತ್ತು.

“ಹುಳು ತಿಂದಿದೆ” ಎಂದು ಅಜ್ಜಿ ತೀರ್ಪು ಕೊಟ್ಟರು. ಅಂದಿನಿಂದ ತಂಗಿಯ ಬಾಚಣಿಗೆ, ದಿಂಬು ಎಲ್ಲವೂ ಬೇರೆಯಾದವು. ಶಾಲೆಯಲ್ಲಿ ಅವಳ ಪಕ್ಕದ ಜಾಗ ಬರಿದಾಯಿತು. ನಡುಮನೆಯಲ್ಲಿ ಸಾಲಾಗಿ ಮಲಗುತ್ತಿದ್ದ ನಮ್ಮಲ್ಲಿ ನಾನು ಮಾತ್ರ ಹಾಸಿಗೆಯನ್ನು ಗೋಡೆಯ ಬದಿಗೆ ಎಳೆದುಕೊಂಡೆ.

“ಅಣ್ಣಾ, ನಿನಗೂ ಅಂಟೀತೆಂಬ ಹೆದರಿಕೆಯೇ?” ಎಂದಳು ತಂಗಿ. ನಾನು ಉತ್ತರ ಕೊಡದೆ ಮುಸುಕೆಳೆದುಕೊಂಡೆ.

ತಿಂಗಳಾದ ಮೇಲೆ ಅಪ್ಪ ನಮ್ಮಿಬ್ಬರನ್ನೂ ಚರ್ಮವೈದ್ಯರ ಬಳಿಗೆ ಕರೆದೊಯ್ದರು. ಅವರು ಭೂತಗನ್ನಡಿ ಹಿಡಿದು ನೋಡಿ, “ಇಲ್ಲಿ ಯಾವ ಹುಳುವೂ ಇಲ್ಲ. ಇದು ಯಾರಿಗೂ ಅಂಟುವ ರೋಗವಲ್ಲ. ಮನೆಯ ಕಾವಲುಗಾರನೇ ಮನೆಯವನನ್ನು ಕಳ್ಳನೆಂದು ಬಗೆದಿದ್ದಾನೆ, ಅಷ್ಟೆ” ಎಂದರು. ರೋಗದ ಹೆಸರು ಅಲೋಪೇಶಿಯಾ ಏರಿಯೇಟಾ.

ಆ ಮಾತಿನ ಅರ್ಥ ನನಗೆ ಪೂರ್ತಿಯಾಗಿ ತಿಳಿದದ್ದು ಮುಂದೆ ಓದಿದಾಗ. ನಮ್ಮ ರಕ್ತದ ಬಿಳಿಯ ಕಣಗಳಲ್ಲಿ ಲಿಂಫೊಸೈಟ್ ಎಂಬ ಒಂದು ವರ್ಗವಿದೆ. ರೋಗಾಣುಗಳನ್ನು ಗುರುತಿಸಿ ಎದುರಿಸುವುದು, ಒಮ್ಮೆ ಕಂಡ ಶತ್ರುವನ್ನು ನೆನಪಿಡುವುದು ಅವುಗಳ ಕೆಲಸ. ಲಸಿಕೆಯ ಬಲವೆಲ್ಲ ಈ ನೆನಪಿನಲ್ಲಿಯೇ ಇದೆ. ಬೆಳೆಯುತ್ತಿರುವ ಕೂದಲಿನ ಬುಡವು ಸಾಮಾನ್ಯವಾಗಿ ಈ ಕಾವಲುಗಾರರ ಕಣ್ಣಿಗೆ ಬೀಳದಂತೆ ಮರೆಯಲ್ಲಿರುತ್ತದೆ. ಆ ಮರೆ ಸರಿದಾಗ, ಟಿ-ಲಿಂಫೊಸೈಟುಗಳು ಜೇನುನೊಣಗಳಂತೆ ಬುಡವನ್ನು ಮುತ್ತುತ್ತವೆ. ಕೂದಲು ಸೊರಗಿ ಉದುರುತ್ತದೆ. ಆದರೆ ರೋಮಕೂಪವಾಗಲಿ, ಕೂದಲನ್ನು ಮತ್ತೆ ಹುಟ್ಟಿಸುವ ಮೂಲಕೋಶಗಳಾಗಲಿ ನಾಶವಾಗುವುದಿಲ್ಲ. ಆದ್ದರಿಂದಲೇ ಎಷ್ಟೋ ಮಂದಿಗೆ ಕೂದಲು ತಾನಾಗಿಯೇ ಮರಳುತ್ತದೆ. ಕೆಲವರಿಗೆ ಮಾತ್ರ ತಲೆಯೆಲ್ಲ ಬೋಳಾಗುವುದುಂಟು. ಅಂಥ ತೀವ್ರ ರೋಗವುಳ್ಳ ವಯಸ್ಕರಿಗಾಗಿ 2022ರಲ್ಲಿ ಅಮೆರಿಕದಲ್ಲಿ ಬಾರಿಸಿಟಿನಿಬ್ ಎಂಬ ಗುಳಿಗೆಗೆ ಮನ್ನಣೆ ದೊರೆಯಿತು. ಕಾವಲುಗಾರರನ್ನು ಕೆರಳಿಸುವ ಸಂದೇಶಗಳನ್ನು ಅದು ತಡೆಯುತ್ತದೆ.

ವೈದ್ಯರಲ್ಲಿಗೆ ಹೋಗಿಬಂದ ದಿನ ರಾತ್ರಿ ನಾನು ಮಾತಿಲ್ಲದೆ ಹಾಸಿಗೆಯನ್ನು ಹಳೆಯ ಜಾಗಕ್ಕೆ ತಂದು ಹಾಸಿದೆ. ತಂಗಿಯೂ ಏನನ್ನೂ ಕೇಳಲಿಲ್ಲ. ತನ್ನ ದಿಂಬನ್ನು ತುಸು ಈಚೆಗೆ ಸರಿಸಿಕೊಂಡಳು.

ಕೆಲವು ತಿಂಗಳಲ್ಲಿ ಆ ಜಾಗದಲ್ಲಿ ಬಿಳಿಯ ನವಿರಾದ ಕೂದಲು ಮೂಡಿತು, ಕ್ರಮೇಣ ಕಪ್ಪಾಯಿತು. ಅಜ್ಜಿ ತಾವೇ ಕುಳಿತು ಜಡೆ ಹೆಣೆದರು. ಎಲ್ಲರೂ ಆ ರೋಗವನ್ನು ಮರೆತರು, ನಾನು ಮರೆತಿಲ್ಲ. ತನ್ನದನ್ನೇ ಪರರದೆಂದು ಭ್ರಮಿಸಿದ್ದು ಅವಳ ದೇಹದ ಕಣಗಳು ಮಾತ್ರವಲ್ಲ, ನಾನೂ ಹೌದು. ಆ ಕಣಗಳಿಗೆ ವಿವೇಕವಿಲ್ಲ. ನನಗಿತ್ತು, ಆದರೂ ಒಂದು ತಿಂಗಳ ಕಾಲ ನಾನು ಗೋಡೆಯ ಬದಿಯಲ್ಲಿ ಮಲಗಿದ್ದೆ.