ಎಲ್ಲ ವಾದ್ಯಗಳೂ ಭಾಗವತರಾದಾಗ

ತೆಕ್ಕಟ್ಟೆಗೆ ಸಮೀಪದ ಕೋಟದಲ್ಲಿ 1902ರಲ್ಲಿ ಜನಿಸಿದ ಶಿವರಾಮ ಕಾರಂತರು ಯಕ್ಷಗಾನದ ಹಿಮ್ಮೇಳಕ್ಕೆ ಪಿಟೀಲು, ಸ್ಯಾಕ್ಸೊಫೋನುಗಳನ್ನು ತಂದಾಗ ಟೀಕೆಗಳೆದ್ದವು. ಆದರೂ ಆ ಪ್ರಯೋಗವನ್ನು ರಂಗಕ್ಕೇರಿಸಲು ಅವರೊಡನೆ ಕಲಾವಿದರಿದ್ದರು. ಟೀಕಾಕಾರರೂ ಕೇಳಿಯೇ ಟೀಕಿಸಿದರು.

ಡಚ್ ಸ್ವರಸಂಯೋಜಕ ಮತ್ತೈಸ್ ವರ್ಮ್ಯೂಲೆನ್‌ನಿಗೆ (1888–1967) ಆ ಭಾಗ್ಯವಿರಲಿಲ್ಲ. ವಿಮರ್ಶಕನಾಗಿ ಆತ ನಿಷ್ಠುರ. ಆಮ್‌ಸ್ಟರ್‌ಡಾಮಿನ ಪ್ರಸಿದ್ಧ ವಾದ್ಯವೃಂದದ ನಿರ್ದೇಶಕ ವಿಲ್ಲೆಂ ಮೆಂಗೆಲ್‌ಬರ್ಗ್ ಆತನ ಮೊದಲ ಸಿಂಫನಿಯನ್ನು ನುಡಿಸಲೊಪ್ಪಲಿಲ್ಲ. 1920ರಲ್ಲಿ ಮುಗಿದ ಎರಡನೆಯ ಸಿಂಫನಿ ಸಭೆಯಲ್ಲಿ ಕೇಳಿಸಿದ್ದು 1950ರ ದಶಕದಲ್ಲಿ. ಹಿಮ್ಮೇಳದ ಪ್ರತಿ ವಾದ್ಯವೂ ಭಾಗವತನಾದಂತೆ, ಅದರಲ್ಲಿ ಹಲವು ಸ್ವರಧಾರೆಗಳು ಏಕಕಾಲಕ್ಕೆ ಸ್ವತಂತ್ರವಾಗಿ ಹರಿಯುತ್ತವೆ.

ಓಲೆಗರಿಯ ಕಾವ್ಯ ಮರುಜೀವ ಪಡೆಯಲು ಒಬ್ಬ ಓದುಗ ಸಾಕು. ವಾದ್ಯವೃಂದದ ಕೃತಿಗೆ ಹತ್ತಾರು ಕೈಗಳು ಕೂಡಬೇಕು. ಅವು ಕೂಡದಿದ್ದರೆ ಬರೆದವನೇ ತನ್ನ ಕೃತಿಯನ್ನು ಕಿವಿಯಾರೆ ಕೇಳಲಾರ.